ಮೂರು ವರ್ಷದ ಟೈಟ್ ಎಂಡ್

೧೯೯೪ ಸೆಪ್ಟೆಂಬರ್ ೨೫, ಭಾನುವಾರ

ಸೋತರು. ಈ ಸಲ ಅಟ್ಲಾಂಟಾ ಕೈಲಿ. ನಮ್ಮೂರಿಗೇ ಬಂದು ಬಡಿದು ಹೋದರು.

ನಮ್ಮ ಮನೆ ಬೇಸ್‌ಮೆಂಟಿನಲ್ಲಿ ಟಿವಿ ಮುಂದೆ ಎಂದಿನ ಮೂವರೇ. ನಾನು, ಸೋಮು, ಸೂರಿ. ಎಷ್ಟೋ ವರ್ಷದಿಂದ ಇದೇ ಸೋಫಾ, ಇದೇ ಅಮೆರಿಕನ್ ಫುಟ್‌ಬಾಲ್ ಟೀಮು. ಮೊನ್ನೆ ಮೊನ್ನೆ ಚಾಂಪಿಯನ್ ಆಗಿದ್ದವರು, ಈಗ ನೋಡಿದರೆ ಅಯ್ಯೋ ಅನ್ನಿಸುತ್ತೆ. ಆಪರೇಷನ್ ಆದಮೇಲೆ ಸೋಮು ಮೊದಲ ಸಲ ಮೆಟ್ಟಿಲಿಳಿದು ಬಂದ. ಜುಲೈನಲ್ಲಿ ಹೊಟ್ಟೆಯ ಗೆಡ್ಡೆ ತೆಗೆದರು, ಈಗ ಕೀಮೋ ನಡೆಯುತ್ತಿದೆ. ಪ್ಯಾಂಟು ಬೆಲ್ಟಿನ ಮೇಲೆ ನಿಂತಿದೆ ಅಷ್ಟೆ. ಬಾಯಿ ಮಾತ್ರ ಒಂದು ಚೂರೂ ಇಳಿದಿಲ್ಲ. ದಾವಣಗೆರೆ ಬಾಯಿ.

ಇವತ್ತೂ ಅದೇ ಜಗಳ — ಟೈಟ್ ಎಂಡ್. ಸಾಲಿನ ತುದಿಯಲ್ಲಿ ನಿಲ್ಲುವ ಆಳು. ನುಗ್ಗಿ ಬರುವ ಎದುರಾಳಿಗಳನ್ನು ತಡೆಯಲೂ ಬೇಕು, ಚೆಂಡು ಎಸೆಯುವವನಿಗೆ ಬೇರೆ ದಾರಿ ಕಾಣದಾಗ ನಾಲ್ಕು ಹೆಜ್ಜೆ ಓಡಿ ಹಿಡಿಯಲೂ ಬೇಕು. ನಮ್ಮವನಿಗೆ ಎರಡೂ ಅಷ್ಟಕ್ಕಷ್ಟೆ. ಸೋಮು ಅವನಿಗೆ ಜರಡಿ ಅಂತ ಹೆಸರಿಟ್ಟಿದ್ದಾನೆ.

"ಏಪ್ರಿಲ್‌ನಾಗೆ ಡ್ರಾಫ್ಟ್ ಬರ್ತದೆ. ಕಾಲೇಜಿಂದ ಒಬ್ಬ ಒಳ್ಳೆ ಹುಡುಗನ್ನ ಆರಿಸ್ಕೋಬೇಕು. ಮೂರು ವರ್ಷ ತಾಳ್ಮೆಯಿಂದ ತಯಾರು ಮಾಡ್ಬೇಕು." ಸೋಮುವಿನ ವಾದ. ಡ್ರಾಫ್ಟ್ ಅಂದರೆ ಟೀಮುಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವುದು. ಬೆಲ್ಟ್ಸ್‌ವಿಲ್‌ನ ಸರ್ಕಾರಿ ತೋಟದಲ್ಲಿ ಹಣ್ಣಿನ ಗಿಡಗಳ ವಿಜ್ಞಾನಿ ಅವನು. ಅವನಿಗೆ ಎಲ್ಲಕ್ಕೂ ಮೂರು ವರ್ಷ.

ನಾನು ಬಿಡುತ್ತೇನೆಯೇ? "ಮೂರು ವರ್ಷ ಕಾಯೋಕೆ ಯಾರಿಗಯ್ಯಾ ಟೈಮಿದೆ? ಬೇರೆ ಟೀಮಲ್ಲಿ ಪಳಗಿದವನನ್ನ ಕರ್ಕೊಂಡು ಬಾ, ನಾಳೆನೇ ಆಡ್ಸು." ಕಾಂಟ್ರಾಕ್ಟ್ ಕಂಪನಿಯಲ್ಲಿ ದಿನವಿಡೀ ಡೆಡ್‌ಲೈನ್ ನೋಡುವವನ ಬುದ್ಧಿ, ಇರಲಿ.

ಸೂರಿ ಡಾಕ್ಟರು. ಆ ಜಾಗವನ್ನೇ ಕತ್ತರಿಸಿ ಹಾಕಿ ಅನ್ನುತ್ತಾನೆ. ಹಿಡಿಯುವ ಆಸೆ ಬಿಟ್ಟು, ಇನ್ನೊಬ್ಬ ದಪ್ಪಗಿರೋನನ್ನ ಗೋಡೆ ಹಾಗೆ ನಿಲ್ಲಿಸಬೇಕಂತೆ.

ನಮ್ಮ ನಿಯಮ — ವಾದದಲ್ಲಿ ಒಪ್ಪಿಕೊಂಡವನು ಕಾಫಿ ಲೋಟ ತೊಳೆಯಬೇಕು. ಇವತ್ತಿನವರೆಗೆ ಯಾರೂ ತೊಳೆದಿಲ್ಲ. ನನ್ನ ಹೆಂಡತಿ ರಾಜಿ ತೊಳೆಯುತ್ತಾಳೆ. "ನಿಮ್ಮ ಟೀಮು ಉದ್ಧಾರ ಆಗೋ ಹೊತ್ತಿಗೆ ನನ್ನ ಲೋಟ ಸವೆದು ಹೋಗಿರುತ್ತೆ ಕಣ್ರೀ" ಅಂದಳು.

ಆಟ ಮುಗಿದ ಕೂಡಲೇ ಫೋನ್. ಸೋಮು ಮಗ ಸಮರ್ಥ್, ಅಟ್ಲಾಂಟಾದಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ. ಅಪ್ಪನನ್ನು ಅಣಕಿಸಲೆಂದೇ ಮಾಡಿದ್ದ. ಅಪ್ಪ-ಮಗ ಒಂದು ಪ್ಲಾನ್ ಹಾಕಿದ್ದಾರೆ. ಮುಂದಿನ ವರ್ಷ ಕ್ಯಾರೊಲೈನಾದಲ್ಲಿ ಹೊಸ ಟೀಮ್ ಆಡಲು ಶುರುಮಾಡುತ್ತೆ. ಅದರ ಮೊದಲ ಆಟಕ್ಕೆ ಅವನು ಅಲ್ಲಿಂದ, ಇವನು ಇಲ್ಲಿಂದ ಡ್ರೈವ್ ಮಾಡಿಕೊಂಡು ಹೋಗಿ ನಡುದಾರಿಯಲ್ಲಿ ಸಿಗುವುದು. ಫೋನಿಟ್ಟ ಮೇಲೂ ಸೋಮು ನಗುತ್ತಿದ್ದ.


ಅಕ್ಟೋಬರ್ ೧೯, ಬುಧವಾರ

ಕೆಲಸ ಮುಗಿಸಿ ನಮ್ಮ ಮನೆ ಹತ್ತಿರದ ವಿಯೆನ್ನಾ ಸ್ಟೇಷನ್ನಿನಲ್ಲಿ ಮೆಟ್ರೋ ಇಳಿದರೆ, ಪಾರ್ಕಿಂಗ್ ಲಾಟಿನಲ್ಲಿ ಸೂರಿ. ನನ್ನ ಕಾರಿಗೆ ಒರಗಿ ನಿಂತಿದ್ದ.

ಸೋಮು ಸ್ಕ್ಯಾನ್ ಬಂದಿದೆ. ಲಿವರ್‌ಗೆ ಹರಡಿದೆ. ಕೀಮೋ ಕೆಲಸ ಮಾಡುತ್ತಿಲ್ಲ. ಎಷ್ಟು ದಿನ ಅಂದೆ. ಬೇಸಿಗೆ ನೋಡೋದು ಕಷ್ಟ ಅಂದ.

ಸೋಮುಗೆ ಗೊತ್ತಿಲ್ಲ. ಜುಲೈನಲ್ಲಿ ಅವನೇ ಆಸ್ಪತ್ರೆಯವರಿಗೆ ಹೇಳಿಟ್ಟಿದ್ದ — ರಿಸಲ್ಟ್ ಏನಿದ್ದರೂ ನನ್ನ ಹೆಂಡತಿ ಶಾರದಾಗೆ ಹೇಳಿ, ನಾನು ಯಾವತ್ತು ಬರಬೇಕು ಅಷ್ಟು ಹೇಳಿದರೆ ಸಾಕು ಅಂತ. ಆಗ ಗೆದ್ದೇ ಗೆಲ್ಲುತ್ತೇನೆ ಅಂದುಕೊಂಡಿದ್ದ. ಈಗ ಡಾಕ್ಟರು ಶಾರದಾಗೆ ಹೇಳಿದ್ದಾರೆ, ಶಾರದಾ ಸೂರಿಗೆ ಸ್ಕ್ಯಾನ್ ಫಿಲ್ಮ್ ತೋರಿಸಿದ್ದಾಳೆ. ಸೋಮುಗೆ "ಪರವಾಗಿಲ್ವಂತೆ, ಔಷಧಿ ಬದಲಾಯಿಸ್ತಾರಂತೆ" ಅಂದಿದ್ದಾಳೆ. ನಮ್ಮಿಬ್ಬರ ಬಾಯಿಗೂ ಬೀಗ. ಗೊತ್ತಾದರೆ ಅವತ್ತೇ ಮಲಗಿಬಿಡುತ್ತಾರೆ ಅಂತ ಅವಳ ಭಯ. ಸಮರ್ಥ್‌ಗೂ ಹೇಳುವ ಹಾಗಿಲ್ಲ. ಇಲ್ಲಿ ಹುಟ್ಟಿದ ಹುಡುಗ, ಅಪ್ಪನ ಮುಂದೆ ನಿಂತು ನೇರ ಕೇಳಿಬಿಡುತ್ತಾನಂತೆ.

"ನೀನು ಡಾಕ್ಟರಲ್ವೇನೋ, ಇದು ಸರಿನಾ?" ಅಂದೆ.

"ನನ್ನ ಪೇಶೆಂಟ್ ಆಗಿದ್ರೆ ಕೂರಿಸಿ ಹೇಳ್ತಿದ್ದೆ. ಇದು ಪೇಶೆಂಟಲ್ಲ, ಸೋಮು. ಶಾರದಾ ಕೈ ಹಿಡ್ಕೊಂಡು ಅತ್ತುಬಿಟ್ಲು ಕಣೋ. ಹೂಂ ಅಂದೆ."

ನಾನೂ ಹೂಂ ಅಂದೆ. ರಾಜಿಗೆ ಹೇಳಿದೆ. ಅವಳು ಅನ್ನ ಕಲಸುತ್ತಿದ್ದ ಕೈ ಹಾಗೇ ನಿಲ್ಲಿಸಿದಳು. ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ.


ಅಕ್ಟೋಬರ್ ೨೩, ಭಾನುವಾರ

ಗೆದ್ದರು. ಯಾವತ್ತೂ ಇಲ್ಲದ ಗೆಲುವು ಇವತ್ತೇ ಬರಬೇಕಿತ್ತೆ. ಸೋಮು ಖುಷಿಯಲ್ಲಿದ್ದ. ಮಂಡಕ್ಕಿ, ಮೆಣಸಿನಕಾಯಿ ತರಿಸಿದ್ದ — ಇಲ್ಲಿನ ಬನಾನಾ ಪೆಪ್ಪರಿನದೇ ಬಜ್ಜಿ, ಶಾರದಾ ಕರಿದದ್ದು. ಅವನು ತಿನ್ನಲಿಲ್ಲ. ನಾವು ತಿನ್ನುವುದನ್ನು ನೋಡುತ್ತಿದ್ದ.

ಗೆದ್ದರೂ ಬಿಡಲಿಲ್ಲ ಮಹಾರಾಯ. "ಇವತ್ತೇನೋ ಆಯ್ತು. ಆದ್ರೂ ಹುಡುಗನ್ನ ತರ್ಲೇಬೇಕಲೇ. ಮೂರು ವರ್ಷ, ನೋಡ್ತಿರು." ಅಂದು ನನ್ನ ಕಡೆ ತಿರುಗಿದ. ನನ್ನ ಸರದಿ ಅಲ್ಲವೇ. ಮೂರು ವರ್ಷ ಕಾಯೋಕೆ ಅಂತ ಬಾಯಿ ತೆರೆದೆ. ಅದನ್ನು ಇನ್ನು ಹೇಗೆ ಹೇಳಲಿ ಅವನಿಗೆ!

"ಅದೂ... ಸರಿ ಅನ್ಸುತ್ತೆ," ಅಂದುಬಿಟ್ಟೆ.

ಸೋಮು ಕೈ ತಟ್ಟಿ ನಕ್ಕ. "ಏಳಪ್ಪಾ ಏಳು, ಲೋಟ ತೊಳಿ!" ಮೂರೂ ಲೋಟ ಎತ್ತಿಕೊಂಡು ಮೇಲೆ ಹೋದೆ. ಸಿಂಕಿನ ಮುಂದೆ ನನ್ನನ್ನು ನೋಡಿ ರಾಜಿ ಗಾಬರಿಯಾಗಿ "ಏನಾಯ್ತ್ರೀ?" ಅಂದಳು. ನಲ್ಲಿ ಜೋರಾಗಿ ಬಿಟ್ಟುಕೊಂಡೆ.


ನವೆಂಬರ್ ೧೩, ಭಾನುವಾರ

ಈ ವಾರ ನಮ್ಮ ಟೀಮಿಗೆ ಆಟವಿಲ್ಲ. ನಾನೇ ಸೋಮು ಮನೆಗೆ ಹೋಗಿದ್ದೆ. ಇಬ್ಬರೂ ನಿಧಾನಕ್ಕೆ ಬ್ಲಾಕ್ ಸುತ್ತ ಒಂದು ಸುತ್ತು ನಡೆದೆವು. ಎಲೆ ಗುಡಿಸುತ್ತಿದ್ದ ಪಕ್ಕದ ಮನೆಯವನ ಜೊತೆ ನಿಂತು ಮೇಪಲ್ ಮರಕ್ಕೆ ಏನು ಗೊಬ್ಬರ ಹಾಕಬೇಕು ಅಂತ ಹೇಳಿದ. ಬರುವ ವಸಂತಕ್ಕೆ ಹಾಕಿ, ಆಮೇಲೆ ನೋಡಿ ಅಂದ.

ವಾಪಸ್ ಬಂದಾಗ ಸಮರ್ಥ್ ಫೋನ್. ಈ ತಿಂಗಳ ಕೊನೆಗೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆಗೆ ಬರಲಾ ಅಂತ ಕೇಳಿದ. ಸೋಮು ನನ್ನ ಪಕ್ಕದಲ್ಲೇ ಕೂತು ಮಾತಾಡಿದ್ದು. "ಬ್ಯಾಡ ಬಿಡೋ, ಎಕ್ಸಾಮ್ ಐತಿ ನಿನಗೆ. ನಾನು ಚೆನ್ನಾಗಿದೀನಿ. ಬೇಸಿಗೆಗೆ ಬಾ, ಹಾಯಾಗಿ ಇರು. ಆಮೇಲೆ ಹೆಂಗೂ ಕ್ಯಾರೊಲೈನಾ ಇದ್ದೇ ಐತಿ."

ಬೇಸಿಗೆಗೆ. ನಾನು ಅಲ್ಲೇ ಇದ್ದೆ. ಕೈ ಚಾಚಿದರೆ ಫೋನ್. ಒಂದು ಮಾತು — ಬರಲಿ ಬಿಡೋ, ಹುಡುಗ ಆಸೆ ಪಡ್ತಾನೆ — ಅಷ್ಟು ಅಂದಿದ್ದರೂ ಸಾಕಿತ್ತು. ಅಡುಗೆಮನೆ ಬಾಗಿಲಲ್ಲಿ ಶಾರದಾ ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು. ನಾನು ಪೇಪರ್ ತಿರುವಿದೆ.

ಹೇಡಿ ನಾನು.


ನವೆಂಬರ್ ೨೭, ಭಾನುವಾರ

ಕೂದಲೆಳೆಯಲ್ಲಿ ಸೋತರು. ಸೋಮು ಹಳದಿ ಬಣ್ಣಕ್ಕೆ ತಿರುಗುತ್ತಿದ್ದಾನೆ. ಬೇಸ್‌ಮೆಂಟಿನ ದೀಪದ್ದಿರಬೇಕು ಅಂದುಕೊಂಡೆ ಮೊದಲು.

ಟೈಟ್ ಎಂಡ್ ಮಾತು ಅವನೇ ಎತ್ತಿದ. ಹುಡುಗನ್ನೇ ತರಬೇಕು ಅಂದ. ಸೂರಿ "ಹೌದು ಕಣೋ, ನೀನು ಹೇಳೋದೇ ಸರಿ" ಅಂದ. ಅದೂ ಸೂರಿ! ದಪ್ಪಗಿರೋನ ಗೋಡೆ ಎಲ್ಲಿ ಹೋಯಿತೋ.

ಸೋಮು ಸೋಫಾದಲ್ಲಿ ನೆಟ್ಟಗೆ ಕೂತ. ಆಮೇಲೆ ಹೇಳಿದ. "ಒಬ್ಬನ್ನ ಅಲ್ಲ. ಡ್ರಾಫ್ಟಿನಾಗೆ ನಮಗೆ ಸಿಗೋ ಅಷ್ಟೂ ಸರದಿಗೆ ಟೈಟ್ ಎಂಡೇ ತಗೋಬೇಕು. ಏಳು ಜನ. ಏಳು ಜನ ಟೈಟ್ ಎಂಡು."

ಹುಚ್ಚು ಮಾತು. ಬೇರೆ ದಿನವಾಗಿದ್ದರೆ ಸೋಫಾ ದಿಂಬು ಎಸೆಯುತ್ತಿದ್ದೆ.

"ಅದೂ ಒಂದು ಐಡಿಯಾನೇ," ಅಂದ ಸೂರಿ. ನಾನು ತಲೆ ಆಡಿಸಿದೆ.

ಸೋಮು ಸೂರಿಯ ಮುಖ ನೋಡಿದ. ನನ್ನ ಮುಖ ನೋಡಿದ. ಕೋಟು ಕೊಡು ಅಂದ. ಮೂರನೆಯ ಕ್ವಾರ್ಟರ್ ಇನ್ನೂ ಮುಗಿದಿರಲಿಲ್ಲ. ಆಟ ಮುಗಿಯುವ ಮೊದಲು ಅವನು ಎದ್ದು ಹೋದದ್ದು ಇದೇ ಮೊದಲು.


ಡಿಸೆಂಬರ್ ೨೪, ಶನಿವಾರ

ಸೀಸನ್ನಿನ ಕೊನೆ ಆಟ. ಗೆದ್ದರು. ಸೋಮು ಬರಲಿಲ್ಲ. ಕ್ರಿಸ್ಮಸ್ ರಜೆಗೂ ಸಮರ್ಥ್ ಬಂದಿಲ್ಲ, ಕೊನೇ ವರ್ಷದ ಪ್ರಾಜೆಕ್ಟ್ ಅಂತ ಅಲ್ಲೇ ಉಳಿದಿದ್ದಾನೆ. ನಾನೂ ಸೂರಿಯೂ ಸೋಫಾದ ಎರಡು ತುದಿಗೆ ಕೂತು ನೋಡಿದೆವು. ಟೈಟ್ ಎಂಡ್ ಹೆಸರು ಯಾರೂ ಎತ್ತಲಿಲ್ಲ.


೧೯೯೫ ಜನವರಿ ೨೯, ಭಾನುವಾರ

ಸೋಮುವನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದರು. ಕಾಮಾಲೆ. ಮೆಟ್ಟಿಲು ಹತ್ತಲಾರ. ಕೆಳಗಡೆ ಫ್ಯಾಮಿಲಿ ರೂಮಿನಲ್ಲಿ ಮಂಚ ಹಾಕಿದೆವು, ನಾನು, ಸೂರಿ ಸೇರಿ. ಅಪ್ಪನಿಗೆ ಫ್ಲೂ ಅಂತ ಸಮರ್ಥ್‌ಗೆ ಹೇಳಿದ್ದಾಳೆ ಶಾರದಾ. ಇವತ್ತು ಸೂಪರ್ ಬೌಲ್, ಸೀಸನ್ನಿನ ಫೈನಲ್. ಟಿವಿ ಹಾಕಲಾ ಅಂದೆ. ಬೇಡ ಅಂದ.


ಫೆಬ್ರವರಿ ೧೬, ಗುರುವಾರ

ಮಧ್ಯಾಹ್ನ ರಜೆ ಹಾಕಿ ಹೋದೆ. ಶಾರದಾ ಫಾರ್ಮಸಿಗೆ ಹೋಗಿದ್ದಳು. ಮನೆಯಲ್ಲಿ ನಾವಿಬ್ಬರೇ.

ಪೇಪರಿನಲ್ಲಿ ಕ್ಯಾರೊಲೈನಾದ ಸುದ್ದಿ. ಹೊಸ ಟೀಮಿನವರು ಹಳೆ ಟೀಮುಗಳು ಬಿಟ್ಟುಕೊಟ್ಟ ಆಟಗಾರರಲ್ಲಿ ತಮಗೆ ಬೇಕಾದವರನ್ನು ನಿನ್ನೆ ಆರಿಸಿಕೊಂಡಿದ್ದಾರೆ. ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಸೆಪ್ಟೆಂಬರ್‌ನಲ್ಲಿ ಹೋಗ್ತೀಯಲ್ಲ, ಹೆಸರುಗಳು ಗೊತ್ತಿರಲಿ ಅಂದೆ. ನನ್ನ ಸುಡುಗಾಡು ಬಾಯಿ.

ಕಣ್ಣು ತೆರೆದ. "ಬದರಿ, ಸಾಕು ಮಾಡಲೇ."

"ಏನು?"

"ನಾಟಕ. ಹೋದ ಅಕ್ಟೋಬರ್‌ನಾಗೆ ನೀನು ಲೋಟ ತೊಳೆದ್ಯಲ್ಲ, ಅವತ್ತೇ ಏನೋ ಐತಿ ಅನ್ನಿಸ್ತು. ಇಷ್ಟು ವರ್ಷದಾಗೆ ನಿನ್ನ ಬಾಯಿಂದ ಒಂದು ಹೌದು ಕೇಳಿದ್ದಿಲ್ಲ ನಾನು. ಆಮೇಲೆ ಏಳು ಜನ ಟೈಟ್ ಎಂಡ್ ಅಂದೆ. ಸೂರಿ ಐಡಿಯಾ ಅಂದ. ನೀನು ತಲೆ ಆಡ್ಸಿದೆ." ಸ್ವಲ್ಪ ಉಸಿರು ತಗೊಂಡ. "ಡಾಕ್ಟರ್ ಹೇಳೋದು ಬೇಕಾಗ್ಲಿಲ್ಲ ಆಮೇಲೆ."

ಪೇಪರ್ ಮಡಿಚಿಟ್ಟೆ. ಕೊನೆಗೆ ಅಷ್ಟೇ ಕೇಳಿದೆ — ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?

"ಶಾರದಾ ಎಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ಲು ಗೊತ್ತೇನು? ಬಾತ್‌ರೂಮಿನಾಗೆ ನಲ್ಲಿ ಬಿಟ್ಕೊಂಡು ಅಳ್ತಾಳೆ, ಮುಖ ತೊಳ್ಕೊಂಡು ನಗ್ತಾ ಬರ್ತಾಳೆ. ಗೊತ್ತು ಅಂದ್ರೆ ಅವಳ ಕಷ್ಟ ಎಲ್ಲಾ ನೀರಿನಾಗೆ ಹೋಮ ಆದಂಗೆ. ಅದಕ್ಕೇ ನಾನೂ ಗೊತ್ತಿಲ್ಲದಂಗೆ ಇದ್ದೆ."

ಅವಳು ಅವನಿಗಾಗಿ ಮುಚ್ಚಿಟ್ಟಳು. ಅವನು ಅವಳಿಗಾಗಿ ಮುಚ್ಚಿಟ್ಟ. ನಾವಿಬ್ಬರು ಇಬ್ಬರಿಗಾಗಿ. ಎಲ್ಲಾ ಸೇರಿ ಆ ಹುಡುಗನನ್ನು ಅಟ್ಲಾಂಟಾದಲ್ಲಿ ಕೂರಿಸಿದೆವು.

"ಸಮರ್ಥ್‌ಗೆ ಹೇಳು," ಅಂದ. "ನೀನೇ ಹೇಳ್ಬೇಕು. ನನ್ನ ಕೈಲಾಗಲ್ಲ. ಥ್ಯಾಂಕ್ಸ್‌ಗಿವಿಂಗ್‌ಗೆ ಬರ್ತೀನಿ ಅಂದಿದ್ದ ಅವನು. ಬ್ಯಾಡ ಅಂದೆ ನೋಡು. ಆಗ ನಡೀತಿದ್ದೆ ನಾನು."

ಹೊರಡುವಾಗ ಕೈ ಹಿಡಿದುಕೊಂಡ. ಅವನ ಕೈ ತಣ್ಣಗಿತ್ತು. "ಇನ್ನೊಂದು. ಇನ್ಮೇಲೆ ನಾನು ಹೇಳಿದ್ದಕ್ಕೆಲ್ಲ ಹೂಂ ಅನ್ಬ್ಯಾಡ. ಜಗಳ ಆಡು. ನೀವು ಹೂಂ ಹೂಂ ಅಂತಿದ್ರೆ ಆಗ್ಲೇ ಹೋಗ್ಬಿಟ್ಟಿದೀನೇನೋ ಅನ್ನಿಸ್ತದೆ."

ಹೂಂ ಅಂದೆ. ಅಂದಮೇಲೆ ಇಬ್ಬರಿಗೂ ನಗು ಬಂತು. ಅವನಿಗೆ ನಕ್ಕರೆ ನೋವು.

ಮನೆಗೆ ಬಂದು ಅಟ್ಲಾಂಟಾಗೆ ಫೋನ್ ಮಾಡಿದೆ. ಅದನ್ನೆಲ್ಲ ಬರೆಯಲು ಆಗುವುದಿಲ್ಲ.


ಫೆಬ್ರವರಿ ೧೮, ಶನಿವಾರ

ಸಮರ್ಥ್ ದಕ್ಷಿಣ, ಉತ್ತರ ಎರಡು ಕ್ಯಾರೊಲೈನಾಗಳನ್ನೂ ದಾಟಿ ಒಬ್ಬನೇ ಡ್ರೈವ್ ಮಾಡಿಕೊಂಡು ಬಂದಿದ್ದಾನೆ. ಅಪ್ಪನ ಹತ್ತಿರ ಒಂದು ಗಂಟೆ ಕೂತಿದ್ದು ಹೊರಗೆ ಬಂದ. ಡ್ರೈವ್‌ವೇಯಲ್ಲಿ ನಾನು ನಿಂತಿದ್ದೆ.

"ಅಂಕಲ್, ಅಕ್ಟೋಬರ್‌ನಿಂದ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತಪ್ಪಾ."

"ನಾನು ಕಾಲ್ ಮಾಡ್ದಾಗ... ಥ್ಯಾಂಕ್ಸ್‌ಗಿವಿಂಗ್... ಯು ವರ್ ದೇರ್?"

"ಇದ್ದೆ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಹೀ ಕುಡ್ ವಾಕ್ ದೆನ್, ಅಂಕಲ್," ಅಂದ ಅಷ್ಟೆ. ಒಳಗೆ ಹೋದ.

ಅಮ್ಮನ ಜೊತೆ ಮಾತು ಬಿಟ್ಟಿದ್ದಾನೆ. ಶಾರದಾ ನನ್ನ ಜೊತೆ ಬಿಟ್ಟಿದ್ದಾಳೆ. "ಒಂದು ಮಾತು ಉಳಿಸ್ಕೊಳ್ಳೋಕೆ ಆಗ್ಲಿಲ್ವಲ್ಲ ನಿಮಗೆ" ಅಂದಳು ರಾಜಿಯ ಎದುರಿಗೆ. ಸೋಮುವೇ ಹೇಳಿಸಿದ್ದು ಅಂದರೂ ನಂಬಲಿಲ್ಲ. ಅವಳ ತಪ್ಪೇನೂ ಇಲ್ಲ. ಯಾರ ಮೇಲಾದರೂ ಸಿಟ್ಟು ಬೇಕು ಅವಳಿಗೆ, ನನ್ನ ಮೇಲೇ ಇರಲಿ.


ಮಾರ್ಚ್ ೨೬, ಭಾನುವಾರ

ಸಮರ್ಥ್ ಕಾಲೇಜಿಗೆ ಹೇಳಿ ಇಲ್ಲೇ ಉಳಿದಿದ್ದಾನೆ. ಅಪ್ಪನಿಗೆ ಶೇವ್ ಮಾಡುವುದು, ಮಗ್ಗುಲು ತಿರುಗಿಸುವುದು ಎಲ್ಲಾ ಅವನೇ. ಸೋಮು ಹೆಚ್ಚು ಹೊತ್ತು ನಿದ್ದೆಯಲ್ಲಿರುತ್ತಾನೆ. ಎಚ್ಚರವಿದ್ದಾಗ ಮಾತು ಸ್ಪಷ್ಟ.

ನಾನು ಜಗಳಕ್ಕೆ ನೋಡಿದೆ. ಪಳಗಿದವನನ್ನೇ ತರಬೇಕು ಅಂದೆ. ದನಿ ಒಡೆಯಿತು. "ಇದೇನು ಜಗಳ ಆಡೋ ವೈಖರಿನಾ? ಮನೆಗೆ ಹೋಗಿ ಪ್ರಾಕ್ಟೀಸ್ ಮಾಡ್ಕೊಂಡು ಬಾ," ಅಂದ.

ಶಾರದಾ ಬಾಗಿಲು ತೆಗೆಯುತ್ತಾಳೆ, ಮಾತಿಲ್ಲ. ಇವತ್ತು ಹೊರಡುವಾಗ ಮಾತ್ರ ಕಾಫಿ ತಂದು ಪಕ್ಕದಲ್ಲಿಟ್ಟು ಹೋದಳು. ಸಕ್ಕರೆ ಹಾಕಿರಲಿಲ್ಲ, ನನಗೆ ಶುಗರ್ ಅಂತ ಅವಳಿಗೆ ನೆನಪಿದೆ. ಕಾರಿನಲ್ಲಿ ಕೂತು ಅತ್ತೆ.


ಏಪ್ರಿಲ್ ೨೨, ಶನಿವಾರ

ಡ್ರಾಫ್ಟ್. ಸೋಮು ಮಂಚದ ಎದುರಿಗೆ ಟಿವಿ ಎಳೆದಿಟ್ಟೆವು. ನಾನು, ಸೂರಿ, ಸಮರ್ಥ್. ರಾಜಿ, ಶಾರದಾ ಹಿಂದೆ ಕುರ್ಚಿಯಲ್ಲಿ. ಸೋಮು ಕಣ್ಣು ಅರ್ಧ ತೆರೆದಿತ್ತು. ಕೇಳಿಸುತ್ತಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

ನಮ್ಮ ಸರದಿ ಬಂತು. ದೂರ ಓಡಿ ಚೆಂಡು ಹಿಡಿಯುವ ಹುಡುಗನನ್ನು ತಗೊಂಡರು. ಟೈಟ್ ಎಂಡ್ ಅಲ್ಲ. ಮುಂದಿನ ಸುತ್ತಿನಲ್ಲೂ ಅಲ್ಲ.

ಸೋಮು ತುಟಿ ಅಲುಗಿತು. ಸಮರ್ಥ್ ಬಗ್ಗಿ ಕೇಳಿಸಿಕೊಂಡ. "ಹುಡುಗ... ತಗೋಬೇಕಿತ್ತು ಅಂತಾರೆ," ಅಂದ ತನ್ನ ಕನ್ನಡದಲ್ಲಿ.

ಎಲ್ಲರೂ ತಲೆ ಆಡಿಸಿದರು. ಸೂರಿಯೂ. ನಾನೂ ಇನ್ನೇನು ಆಡಿಸಬೇಕು. ಜಗಳ ಆಡು ಅಂದ ಫೆಬ್ರವರಿಯ ಮಾತು ನೆನಪಾಯಿತು. ಎದ್ದು ನಿಂತೆ. ಬೇಸ್‌ಮೆಂಟಿನಲ್ಲಿ ಕೂಗುವ ಹಾಗೇ ಕೂಗಿದೆ.

"ಸೋಮು, ನಿನ್ನ ತಲೆ ಕೆಟ್ಟಿದೆ! ಇವತ್ತು ಹುಡುಗನ್ನ ತಂದು ಮೂರು ವರ್ಷ ಕಾಯೋಕೆ ಯಾರಿಗಯ್ಯಾ ಟೈಮಿದೆ?"

ರಾಜಿ "ರೀ!" ಅಂದಳು. ಶಾರದಾ ಬಾಯಿಗೆ ಸೆರಗು ಒತ್ತಿಕೊಂಡಳು. ಸಮರ್ಥ್ ನನ್ನನ್ನು ಹೊಡೆಯುತ್ತಾನೇನೋ ಅನ್ನಿಸಿತು. ಸೂರಿ ಟಿವಿ ಸೌಂಡ್ ಕಡಿಮೆ ಮಾಡಿದ.

ಸೋಮು ಕಣ್ಣು ಪೂರ್ತಿ ತೆರೆದ. ನನ್ನನ್ನು ಹುಡುಕಿ, ಸಿಕ್ಕಮೇಲೆ ನೋಡಿದ. ಸಮರ್ಥ್ ಬಗ್ಗಬೇಕಾಗಲಿಲ್ಲ, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ನಿನಗೈತಲ್ಲಲೇ."

ತುಟಿ ಓರೆಯಾಯಿತು. ಅವನ ನಗು ಅದು, ಗೆದ್ದಾಗಿನ ನಗು. ಶಾರದಾ ಅವನ ಮುಂದೆ ಮೊದಲ ಸಲ ಅತ್ತಳು. ನಲ್ಲಿ ಬಿಟ್ಟುಕೊಳ್ಳದೆ, ಜೋರಾಗಿ. ಸಮರ್ಥ್ ಹೋಗಿ ಅಮ್ಮನ ಪಕ್ಕ ಕೂತು ಹೆಗಲ ಮೇಲೆ ಕೈ ಹಾಕಿದ. ಸೋಮು ಅವರಿಬ್ಬರನ್ನೇ ನೋಡುತ್ತಾ ನಿದ್ದೆ ಹೋದ.

ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ಶಾರದಾ ಹಿಂದೆಯೇ ಬಂದು ಒರೆಸುವ ಬಟ್ಟೆ ಕೊಟ್ಟಳು. "ನಾಳೆನೂ ಬನ್ನಿ," ಅಂದಳು. "ಹೀಗೇ ಕೂಗಿ."


ಏಪ್ರಿಲ್ ೨೩, ಭಾನುವಾರ

ಡ್ರಾಫ್ಟಿನ ಎರಡನೇ ದಿನ. ಊಟ ಮಾಡಿಕೊಂಡು ಸೋಮು ಮನೆಗೆ ಹೋಗಬೇಕು. ಟಿವಿ ಹಾಕಿಕೊಂಡು ಬೇಸ್‌ಮೆಂಟಿನಲ್ಲೇ ಬರೆಯುತ್ತಿದ್ದೇನೆ. ಈ ಸಲ ದನಿ ಒಡೆಯಬಾರದು. ನನ್ನ ವಾದ ರೆಡಿ ಇದೆ. ಒಂದು, ಪಳಗಿದವನಿಗೆ ಕಲಿಸುವುದು ಬೇಕಿಲ್ಲ. ಎರಡು —

ಅಯ್ಯೋ, ತಗೊಂಡರು! ಐದನೇ ಸುತ್ತು. ಟೈಟ್ ಎಂಡ್! ಕಾಲೇಜ್ ಹುಡುಗ. ಸೋಮು ಗೆದ್ದುಬಿಟ್ಟ. ಇನ್ನು ನನ್ನನ್ನು ಬದುಕಲು ಬಿಡುವುದಿಲ್ಲ ಮಹಾರಾಯ. ಮೊದಲು ಫೋನ್ ಮಾಡಿ ಬೈಯಬೇಕು, ಆಮೇಲೆ ಹೋಗಿ

ಫೋನ್ ಅದೇ ಹೊಡೆದುಕೊಳ್ಳುತ್ತಿದೆ. ಅವರೂ ಟಿವಿ ನೋಡುತ್ತಿರಬೇಕು. ಸಮರ್ಥ್ ಕೈಲಿ ಮಾಡಿಸಿರುತ್ತಾನೆ, ಅಣಕಿಸಲು.

ರಾಜಿ ಮೇಲೆ ಎತ್ತಿಕೊಂಡಳು. ಹಲೋ ಅಂದಳು. ಆಮೇಲೆ "ಯಾವಾಗ?" ಅಂದಳು.

ಎರಡು —